ಗಂಜಿ ಹಾಕಿದ ಪಟ್ಟಿ

ಆಗ ನಾವು ಸೂರತ್ತಿನ ಪಾಂಡೇಸರಾದಲ್ಲಿದ್ದೆವು. ಅಪ್ಪನಿಗೆ ಗದಗಿನಿಂದ ಅಲ್ಲಿನ ಬ್ಯಾಂಕಿಗೆ ವರ್ಗವಾಗಿತ್ತು. ಮನೆಯ ಹಿಂದಿನ ಗಟಾರದಲ್ಲಿ ಬಣ್ಣದ ಗಿರಣಿಗಳ ನೀರು ಹರಿಯುತ್ತಿತ್ತು. ಇವತ್ತು ಹಸಿರೋ ನೀಲಿಯೋ ಎಂದು ಪಂದ್ಯ ಕಟ್ಟುವುದೇ ನಮ್ಮ ಬೆಳಗಿನ ಆಟ. ಕೆಂಪು ಬಂದ ದಿನ ಮಾತ್ರ ಗೆದ್ದರೂ ಒಳಗೆ ಓಡುತ್ತಿದ್ದೆ. ಆ ಮಳೆಗಾಲವಿಡೀ ನನಗೆ ಎಲ್ಲದಕ್ಕೂ ಹೆದರಿಕೆ.

ಅವ್ವ ಬಸುರಿ. ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಬಾಣಂತನಕ್ಕೆಂದು ಅಪ್ಪನ ತಾಯಿ, ನಮ್ಮ ಆಯಿ, ಊರಿನಿಂದ ಬಂದಿದ್ದಳು. ಅತ್ತೆ ಸೊಸೆಯದು ಎಣ್ಣೆ ಸೀಗೆಕಾಯಿ ಸಂಬಂಧ. ಕೂಸಿಗೆ ಹೊದಿಸಲು ಬಟ್ಟೆಪಟ್ಟಿಗಳ ಕೌದಿ ಹೊಲಿಯಬೇಕೆಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು, ಅದೂ ಕತ್ತರಿ ಕೈಗೆ ಬರುವ ತನಕ.

ಅವ್ವ ಗಿರಣಿಯ ಹೊಸ ತುಂಡುಬಟ್ಟೆ ತರಿಸಿದ್ದಳು. ಬಣ್ಣದ ಘಾಟು ಇನ್ನೂ ಹೋಗಿರಲಿಲ್ಲ.

"ಮದಲನೇ ಪಟ್ಟಿ ಹಿರ್ಯಾರು ಉಟ್ಟ ಸೀರೀದು ಇರಬೇಕವಾ," ಎಂದು ಆಯಿ ತನ್ನ ಹಳೆಯ ಇಳಕಲ್ ಸೀರೆ ಮುಂದಿಟ್ಟಳು. "ಹುಟ್ಟದ ಕೂಸಿಗೆ ಬರೇ ಹೊಸಾದು ಕತ್ತರಸಬಾರದು. ಆಗಿ ಬರಂಗಿಲ್ಲ."

"ಹಳೇ ಅರಿವಿ ಜಗ್ಗತೈತ್ರಿ ಅತ್ತಿ. ಅಳತಿ ತಪ್ಪತೈತಿ," ಎಂದು ಅವ್ವ ಅದನ್ನು ಮಡಚಿ ಬದಿಗಿಟ್ಟಳು.

ದಿನಾ ಮಧ್ಯಾಹ್ನ ನಾನು ಸ್ಟೀಲಿನ ಸ್ಕೇಲನ್ನು ಒತ್ತಿ ಹಿಡಿಯುವುದು, ಅವ್ವ ಗೆರೆ ಎಳೆದು ಕತ್ತರಿಸುವುದು. ಒಂದೆಳೆ ಹೆಚ್ಚುಕಡಿಮೆಯಾದರೂ ಕೌದಿ ಸೊಟ್ಟಗಾಗುತ್ತದೆ ಎನ್ನುತ್ತಿದ್ದಳು. ಆಯಿ ಹೊಸ್ತಿಲ ಬಳಿ ಕೂತಿರುತ್ತಿದ್ದಳೇ ಹೊರತು ಒಂದು ತುಂಡನ್ನೂ ಮುಟ್ಟಲಿಲ್ಲ. ಕತ್ತರಿಯ ಸದ್ದಿಗೆ ಅವಳ ತುಟಿ ಅಲುಗುತ್ತಿತ್ತು. ಪಟ್ಟಿಗಳ ರಾಶಿ ಬೆಳೆದಷ್ಟೂ ನನಗೆ ದಿಗಿಲು.

ದಿನ ತುಂಬುವ ಮೊದಲೇ ಅವ್ವನಿಗೆ ನೋವು ಬಂತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಮರುದಿನ ಅಪ್ಪ ಒಬ್ಬನೇ ಬಂದ.

"ಕೂಸು ಉಳೀಲಿಲ್ಲ," ಎಂದ.

ಆಯಿ ಅಳಲಿಲ್ಲ. "ಅಕಿ ಏನಂತಾಳ?"

"'ಅತ್ತಿ ಹೇಳಿದ್ರು, ನಾ ಕೇಳಲಿಲ್ಲ' ಅಂತ ಅದನ್ನ ಅನ್ನಾಕತ್ತಾಳ. ಊಟ ಬಿಟ್ಟಾಳ."

ಆಯಿ ಎದ್ದು ಒಲೆ ಹಚ್ಚಿದಳು. ಅಕ್ಕಿಗಂಜಿ ಕಾಸಿ, ತನ್ನ ಸೀರೆಯ ತುಂಡನ್ನು ಅದರಲ್ಲಿ ಅದ್ದಿ, ಫ್ಯಾನಿನ ಕೆಳಗೆ ಒಣಗಿಸಿ, ಹಪ್ಪಳದಂತೆ ಬಿರುಸಾಗಿ ಜಗ್ಗದಂತಾಗುವವರೆಗೆ ಇಸ್ತ್ರಿ ಮಾಡಿದಳು. ಮೊದಲ ಸಲ ಕತ್ತರಿ ಹಿಡಿದಳು.

"ಸ್ಕೇಲ್ ಒತ್ತಿ ಹಿಡಿ. ಅಲ್ಲಾಡಬ್ಯಾಡ."

ಕತ್ತರಿಸಿದ್ದನ್ನು ಅವ್ವನ ಪಟ್ಟಿಯ ಮೇಲಿಟ್ಟು ನೋಡಿದಳು. ಒಂದೆಳೆಯೂ ವ್ಯತ್ಯಾಸವಿರಲಿಲ್ಲ. ರಾಶಿಯ ತಳಕ್ಕೆ ಸೇರಿಸಿದಳು.

ಅವ್ವ ಮನೆಗೆ ಬಂದಾಗ ಆಯಿ ಆ ರಾಶಿಯನ್ನು ಅವಳ ತೊಡೆಯ ಮೇಲಿಟ್ಟಳು. "ತಳದಾಗ ನೋಡು, ನನ್ನ ಸೀರಿ ಪಟ್ಟಿ. ಮದಲನೇ ದಿನ ನೀ ಅಳತಿ ಹಾಕಿಟ್ಟು ಮಲ್ಕೊಂಡಾಗ ನಾನ ಕತ್ತರಿಸಿ ಇಟ್ಟಿದ್ದೆ. ಶಾಸ್ತ್ರ ತಪ್ಪಿಲ್ಲ. ನಿನ್ನಿಂದ ಏನೂ ಆಗಿಲ್ಲ."

ಅವ್ವ ಪಟ್ಟಿಯನ್ನು ಮುಖಕ್ಕೊತ್ತಿಕೊಂಡು ಅತ್ತಳು. ಸಂಜೆ ಎರಡು ತುತ್ತು ಉಂಡಳು. ನಾನು ಬಾಯಿ ಬಿಡಲಿಲ್ಲ.

ಆಯಿ ತೀರಿಹೋಗಿ ಬಹಳ ವರ್ಷವಾಯಿತು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ನನ್ನ ಮನೆಗೆ ಹೊದೆಯುವ ರಜಾಯಿಗಳು ಅಂಗಡಿಯಿಂದ ಬರುತ್ತವೆ. ಕಳೆದ ಚಳಿಗಾಲ ಅವ್ವನ ಟ್ರಂಕಿನಲ್ಲಿ ಆ ಪಟ್ಟಿಗಳ ಗಂಟು ಸಿಕ್ಕಿತು. ಇನ್ನಾದರೂ ಹೇಳೋಣವೆಂದು ಬಾಯಿ ತೆರೆದೆ. ಅವ್ವ ಇಳಕಲ್ ಪಟ್ಟಿಯನ್ನು ಮೂಸಿ, "ಗೊತ್ತೈತಿ. ಅವತ್ತು ಗಂಜಿ ವಾಸನಿ ಹಸೀದ ಇತ್ತು," ಎಂದಳು.

"ಮತ್ತ ಆಯಿಗೆ ಯಾಕ ಹೇಳಲಿಲ್ಲ?"

"ಅಷ್ಟು ನೆಟ್ಟಗ ಕತ್ತರಿಸಿದ್ರು. ಹೆಂಗ ಹೇಳಲಿ?"

ಅವರಿಬ್ಬರೂ ಆಮೇಲೆ ಎಷ್ಟೋ ವರ್ಷ ಒಂದೇ ಅಡುಗೆಮನೆಯಲ್ಲಿ ಜಗಳಾಡಿಕೊಂಡೇ ಇದ್ದರು. ಅವ್ವ ಈಗಲೂ ಒಮ್ಮೊಮ್ಮೆ, ಕೂಸು ಹೋದದ್ದು ತನ್ನಿಂದಲೇ ಏನೋ ಎಂದು ಕೇಳುತ್ತಾಳೆ. ಇಲ್ಲವೆನ್ನುತ್ತೇನೆ. ಆದರೆ ಆಯಿ ಹೇಳಿದ ಹಾಗೆ ಹೇಳಲು ನನಗೆ ಬರುವುದಿಲ್ಲ.