ಟ್ರೇ ಸರಿಸಿದ್ದು ನಾನೇ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ವಾಲ್ವ್ ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ಸ್ಟೋರ್ ಕೀಪರ್ ಆಗಿದ್ದೆ. ನಿವೃತ್ತನಾಗಿ ಬಹಳ ಕಾಲವಾಯಿತು. ಈಗಲೂ ಹಳೆಯ ಕೆಲಸಗಾರರು ಯಾವುದಾದರೂ ಮದುವೆಯಲ್ಲಿ ಸಿಕ್ಕರೆ ತಮ್ಮ ಮನೆಯವರಿಗೆ ನನ್ನನ್ನು ತೋರಿಸಿ, "ಇವರs ನೋಡ್ರಿ, ಕಣ್ಣು ಕಾಣದವರೊಬ್ಬರ ನೌಕರಿ ಉಳಿಸಾಕ ತಪ್ಪು ತಮ್ಮ ಮ್ಯಾಲೆ ಹಾಕ್ಕೊಂಡವರು" ಎನ್ನುತ್ತಾರೆ. ನಾನು "ಹಂಗಲ್ರೋ, ತಪ್ಪು ಖರೇನs ನಂದು" ಎನ್ನುತ್ತೇನೆ. "ವಿನಯ ನೋಡ್ರಿ ಇವರದು!" ಎನ್ನುತ್ತಾರೆ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಸ್ಟೋರಿನಲ್ಲಿ ನಟ್ಟು, ಬೋಲ್ಟು, ವಾಷರು, ರಬ್ಬರ್ ರಿಂಗು ಎಲ್ಲ ಸೇರಿ ನೂರಾರು ಬಗೆಯ ಸಾಮಾನಿದ್ದವು. ಯಾವುದು ಎಲ್ಲಿದೆ ಎನ್ನುವುದು ನನ್ನೊಬ್ಬನಿಗೇ ಗೊತ್ತು. ಚೀಟಿ ಅಂಟಿಸುವ ಪದ್ಧತಿ ಇರಲಿಲ್ಲ. ಜಾಗ ಖಾಲಿ ಕಂಡಲ್ಲಿ ಇಡುತ್ತಿದ್ದೆ, ತಲೆಯಲ್ಲಿ ಬರೆದುಕೊಳ್ಳುತ್ತಿದ್ದೆ. ನಾನು ರಜೆ ಹಾಕಿದ ದಿನ ಕಾರ್ಖಾನೆಯಿಂದ ಯಾರಾದರೂ ಸ್ಕೂಟರ್ ಹತ್ತಿಕೊಂಡು ಧಾರವಾಡದ ಕೆಲಗೇರಿಯಲ್ಲಿದ್ದ ನನ್ನ ಮನೆಯವರೆಗೆ ಬಂದು, "ಕಾಕಾ, ಅರ್ಧ ಇಂಚಿನ ಬೋಲ್ಟ್ ಎಲ್ಲಿಟ್ಟೀರಿ?" ಎಂದು ಕೇಳಬೇಕು. ಬೈದುಕೊಂಡೇ ಬರುತ್ತಿದ್ದರು. ನನಗೆ ಮಾತ್ರ ಅದು ಸನ್ಮಾನದಂತೆ ಅನ್ನಿಸುತ್ತಿತ್ತು.

ಅಂಥ ಸ್ಟೋರಿಗೆ ನನ್ನ ಸಹಾಯಕನಾಗಿ ಒಬ್ಬ ಕಣ್ಣು ಕಾಣದ ಮನುಷ್ಯನನ್ನು ಮಾಲಕರು ತೆಗೆದುಕೊಂಡರು. ಹೆಬ್ಬಳ್ಳಿಯವನು, ಮೂವತ್ತರ ಒಳಗಿನ ವಯಸ್ಸು, ಮದುವೆಯಾಗಿತ್ತು. ಅಂಧರ ಶಾಲೆಯಲ್ಲಿ ಓದಿ ನನ್ನ ಹಾಗೆಯೇ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಆರು ತಿಂಗಳು ನೋಡಿ, ಸರಿಹೋದರೆ ಕಾಯಂ ಮಾಡುವುದೆಂದು ಕರಾರು. ಎರಡು ಬಸ್ಸು ಬದಲಿಸಿ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತಿರುತ್ತಿದ್ದ.

ಮೊದಲ ವಾರ ನಾನು ಅವನಿಗೆ ತೋರಿಸಿದ ಪ್ರೀತಿಗೆ ಮಿತಿಯಿರಲಿಲ್ಲ. ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದೆ. ಎದ್ದರೆ "ಕೂಡಪಾ, ಕೂಡು, ನಾ ಇದ್ದೇನಲ್ಲ" ಎನ್ನುತ್ತಿದ್ದೆ. ಎಂಟನೆಯ ದಿನ ಅವನೇ ಹೇಳಿದ:

"ಕಾಕಾ, ಕುಂತು ಕುಂತು ಸೊಂಟ ಹಿಡೀತು. ನಾ ಇಲ್ಲಿ ಬೀಗರ ಮನಿಗೆ ಬಂದಿಲ್ಲ. ಕೆಲಸ ಕೊಡ್ರಿ."

"ಹೆಂಗ ಮಾಡ್ತಿ ತಮ್ಮಾ?"

"ಮೂರು ಮಾತು ನಡೆಸಿಕೊಡ್ರಿ, ಸಾಕು. ಇಟ್ಟ ಸಾಮಾನು ಇಟ್ಟಲ್ಲೇ ಇರಬೇಕು. ದಾರ್‍ಯಾಗ ಡಬ್ಬಿ, ಸೈಕಲ್ಲು ಇರಬಾರದು. ಸಾಮಾನು ಕೇಳಿ ಚೀಟಿ ತಂದವರು ತಮ್ಮ ಹೆಸರು ಹೇಳಿ, ಚೀಟಿ ಗಟ್ಟಿಯಾಗಿ ಓದಬೇಕು. ಉಳಿದದ್ದು ನನಗ ಬಿಡ್ರಿ."

ಮಾಲಕರಿಗೆ ಹೇಳಿದೆವು, ಅವರು ಒಪ್ಪಿದರು. ಹದಿನೈದು ದಿನ ನಾವಿಬ್ಬರೂ ಸ್ಟೋರನ್ನು ಮಗುಚಿ ಹಾಕಿದೆವು. ಹೆಚ್ಚು ಬೇಕಾಗುವ ಸಾಮಾನು ಕೈಗೆ ಎಟಕುವ ಹಲಗೆಗೆ ಬಂತು, ಕಡಿಮೆ ಬೇಕಾಗುವುದು ಮೇಲೆ ಹೋಯಿತು. ಅವನು ಒಂದೊಂದನ್ನೂ ಮುಟ್ಟಿ, ಎಣಿಸಿ ನೆನಪಿಟ್ಟುಕೊಂಡ. ರಜಿಸ್ಟರ್ ನನ್ನದು, ಕೈ ಅವನದು ಎಂದು ಕೆಲಸ ಹಂಚಿಕೊಂಡೆವು.

ಕೆಲಸಗಾರರಿಗೆ ಅವನ ಬಗ್ಗೆ ಬೇರೆಯೇ ಒಂದು ಭರವಸೆಯಿತ್ತು. ನಮ್ಮ ಕಡೆ ಕಣ್ಣು ಕಾಣದವನೆಂದರೆ ಗವಾಯಿ ಎಂದೇ ಲೆಕ್ಕ. ಬಂದ ದಿನದಿಂದ ಅವನನ್ನು ಮಾಸ್ತರ ಎಂದೇ ಕರೆದರು. ಮಹಾನವಮಿಯ ಖಂಡೇಪೂಜೆಯ ದಿನ ಯಂತ್ರಗಳಿಗೆಲ್ಲ ಹೂವು ಏರಿಸಿ, ಯಾರದೋ ಮನೆಯಿಂದ ಹಾರ್ಮೋನಿಯಂ ಹೊತ್ತು ತಂದು ಅವನ ಮುಂದೆ ಇಟ್ಟರು.

"ಒಂದು ಭಜನಿ ಆಗ್ಲಿ, ಮಾಸ್ತರ."

"ನನಗ ಹಾಡಾಕ ಬರಂಗಿಲ್ರಿ."

"ದೊಡ್ಡ ಗವಾಯಿಗಳು ಮೊದಲ ಹಿಂಗs ಅಂತಾರ," ಎಂದ ಒಬ್ಬ ಹಿರಿಯ ಫಿಟ್ಟರ್.

ಅವನು ಹಾಡಿದ. ಆ ದನಿಯನ್ನು ವರ್ಣಿಸುವುದು ಬೇಡ. ಮೊದಲ ನುಡಿ ಮುಗಿಯುವ ಮುಂಚೆಯೇ ಅದೇ ಫಿಟ್ಟರ್, "ಸಾಕ್ರಿ ಮಾಸ್ತರ, ಪ್ರಸಾದ ಆರತೈತಿ" ಎಂದು ಕೈ ಮುಗಿದ. ಎಲ್ಲರಿಗಿಂತ ಹೆಚ್ಚು ನಕ್ಕವನು ಹಾಡಿದವನೇ. "ಸಾಲ್ಯಾಗೂ ಸಂಗೀತದ ಗುರುಗಳು ನನ್ನ ಕುರ್ಚಿ ಹೆಣಿಯೋ ಕ್ಲಾಸಿಗೆ ಅಟ್ಟಿದ್ರು" ಎಂದ. ಅಂದಿನಿಂದ ಅವನು ಸಾಮಾನು ಕೊಡುವುದಕ್ಕೇ ಬಂದವನೆಂದು ಎಲ್ಲರಿಗೂ ಖಾತ್ರಿಯಾಯಿತು.

ನವೆಂಬರಿನಲ್ಲಿ ನಾನು ನಮ್ಮ ಅಕ್ಕನ ಮಗಳ ಮದುವೆಗೆಂದು ಎರಡು ದಿನ ರಜೆ ಹಾಕಿದೆ. ಮದುವೆ ನಮ್ಮ ಓಣಿಯಲ್ಲೇ ಇತ್ತು. ಪಂಕ್ತಿಯಲ್ಲಿ ಕೂತಾಗಲೂ ನನ್ನ ಕಿವಿ ಸ್ಕೂಟರಿನ ಸದ್ದಿನ ಕಡೆಗೇ. ಮೊದಲ ದಿನ ಯಾರೂ ಬರಲಿಲ್ಲ, ಎರಡನೆಯ ದಿನವೂ ಬರಲಿಲ್ಲ. ನನ್ನ ಹೆಂಡತಿ, "ಈ ಸಲ ನಿಮ್ಮ ಫ್ಯಾಕ್ಟರಿ ಬಂದ್ ಐತೇನ್ರಿ?" ಎಂದು ಕೇಳಿಯೇ ಬಿಟ್ಟಳು. ಮೂರನೆಯ ದಿನ ಕೆಲಸಕ್ಕೆ ಹೋಗಿ, "ಏನರೆ ತೊಂದರಿ ಆತೇನು?" ಎಂದು ಕೇಳಿದರೆ, ಫಿಟ್ಟರ್, "ನೀವು ಇದ್ದಿಲ್ಲೇನು ಕಾಕಾ? ಗೊತ್ತs ಆಗ್ಲಿಲ್ಲ ನೋಡ್ರಿ" ಎಂದ.

ಅವನು ತಮಾಷೆಗೆ ಹೇಳಿದ್ದ. ನನಗೆ ಮಾತ್ರ ಅದು ಮುಳ್ಳಾಗಿ ನಟ್ಟಿತು.

ಡಿಸೆಂಬರ್ ಮೊದಲ ವಾರ, ಕಾಯಂ ಮಾಡುವ ಮೊದಲು ಅರ್ಧ ತಾಸು ಅವನ ಕೆಲಸ ನೋಡಲು ಮ್ಯಾನೇಜರ್ ಬರುತ್ತೇನೆಂದರು. ನಮ್ಮಲ್ಲಿ ಎರಡು ಬಗೆಯ ರಬ್ಬರ್ ರಿಂಗುಗಳಿದ್ದವು, ಒಂದು ಕಪ್ಪು, ಒಂದು ಕಂದು. ಕಂದು ಹೆಚ್ಚು ಕಾವು ತಡೆಯುತ್ತದೆ. ಅಳತೆ ಒಂದೇ, ಮುಟ್ಟಿದರೆ ಎರಡೂ ಒಂದೇ. ಕಣ್ಣಿದ್ದವನಿಗೆ ಬಣ್ಣದಿಂದ ಗೊತ್ತು, ಅವನಿಗೆ ಜಾಗದಿಂದ ಗೊತ್ತು. ಎಡದಿಂದ ಮೂರನೆಯ ಟ್ರೇ ಕಪ್ಪು, ನಾಲ್ಕನೆಯದು ಕಂದು.

ಆ ದಿನ ಬೆಳಿಗ್ಗೆ ಅವನು ಬರುವ ಮೊದಲು ನಾನು ಆ ಎರಡು ಟ್ರೇಗಳನ್ನು ಅದಲು ಬದಲು ಮಾಡಿದೆ.

ಮ್ಯಾನೇಜರ್ ಬಂದು ಗೋಡೆಗೆ ಒರಗಿ ನಿಂತರು. ಏಳೆಂಟು ಚೀಟಿ ಸರಿಯಾಗಿ ನಡೆದವು. ಆಮೇಲೆ ಫಿಟ್ಟರ್ ಬಂದು ತನ್ನ ಹೆಸರು ಹೇಳಿ, "ಕಂದು ರಿಂಗು ನಾಕು" ಎಂದು ಓದಿದ. ಇವನು ಸರಸರನೆ ಹೋಗಿ ನಾಲ್ಕು ರಿಂಗು ತಂದು ಕೈಗಿಟ್ಟ.

"ಮಾಸ್ತರ, ಇವು ಕಪ್ಪು."

ಮ್ಯಾನೇಜರ್ ಸಣ್ಣ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದರು. ಇವನು ಮುಖ ತೊಳೆಯಲು ಹೊರಗೆ ಹೋದಾಗ ನಾನು ಟ್ರೇಗಳನ್ನು ಮತ್ತೆ ಮೊದಲಿನಂತೆ ಇಟ್ಟೆ. ಅವನು ಬಂದವನೇ ನಾಲ್ಕನೆಯ ಟ್ರೇಗೆ ಕೈ ಹಾಕಿ ಒಂದು ರಿಂಗು ಎತ್ತಿ ಹಿಡಿದ.

"ಕಾಕಾ, ಇದು ಯಾವ ಬಣ್ಣ?"

"ಕಂದು."

"ಹಂಗಾದ್ರ ನನ್ನ ಕೈಯs ತಪ್ಪಿತು," ಎಂದ. ಮಧ್ಯಾಹ್ನ ಊಟ ಮಾಡಲಿಲ್ಲ.

ಸಂಜೆಯವರೆಗೆ ಪ್ರತಿ ಸಾಮಾನಿಗೂ ನನ್ನ ಕಡೆ ತಿರುಗಿ, "ಕಾಕಾ, ಇದs ಹೌದಲ್ರಿ?" ಎಂದು ಕೇಳಿದ. ಎಲ್ಲರೂ ನನ್ನನ್ನೇ ಕೇಳಬೇಕೆನ್ನುವುದು ನನ್ನ ಆಸೆ. ಒಂದೇ ದಿನದಲ್ಲಿ ನಲವತ್ತು ಸಲ ಕೈಗೂಡಿತು. ಒಂದು ಸಲವೂ ಸುಖವಾಗಲಿಲ್ಲ. ಸಂಜೆ ಮ್ಯಾನೇಜರ್ ನನ್ನನ್ನು ಕರೆದು, "ಪಾಪ, ಮನುಷ್ಯಾ ಛಲೋ. ಆದ್ರ ಈ ಕೆಲಸಕ್ಕ ಕಣ್ಣು ಬೇಕು. ಶನಿವಾರ ಹೇಳಿಬಿಡೋಣ" ಎಂದರು. ನಾನು ತಲೆಯಾಡಿಸಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮೊದಲು ಅವರ ಕೋಣೆಗೇ ಹೋದೆ.

"ಸಾಹೇಬ್ರ, ಆ ಟ್ರೇ ಸರಿಸಿದ್ದು ನಾನು. ಬೇಕಂತs ಸರಿಸಿದ್ದೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹದಿನೈದು ವರ್ಷದಾಗ ನಿಮ್ಮ ಸ್ಟೋರಿನ್ಯಾಗ ಒಂದು ನಟ್ಟು ಹೆಚ್ಚುಕಡಿಮಿ ಆಗಿಲ್ಲ. ನೀವು ಹಿಂಗ ಮಾಡ್ತೀರಂದ್ರ ನಾ ನಂಬಬೇಕೇನ್ರಿ?"

"ಖರೇ ಹೇಳಾಕತ್ತೇನ್ರಿ."

"ಗೊತ್ತಾತು ಬಿಡ್ರಿ. ಅವನ ಸಲುವಾಗಿ ನೀವು ಹೊತ್ಕೊಳ್ಳಾಕ ಬಂದೀರಿ. ಇಂಥಾ ಮನಸ್ಸು ಎಲ್ಲಿ ಸಿಗತೈತ್ರಿ ಈಗಿನ ಕಾಲದಾಗ? ನಿಮ್ಮ ಮಾರಿ ನೋಡಿ ಇನ್ನೊಂದು ತಿಂಗಳು ಕೊಡ್ತೇನಿ."

ಇನ್ನೊಮ್ಮೆ ಹೇಳಬೇಕಿತ್ತು, ಮೇಜು ಗುದ್ದಿಯಾದರೂ ಹೇಳಬೇಕಿತ್ತು. ನಾನು ಕೈ ಮುಗಿದು ಹೊರಗೆ ಬಂದೆ. ಅವನ ಕೆಲಸವೂ ಉಳಿಯಿತು, ನನ್ನ ಮಾನವೂ ಉಳಿಯಿತು ಎಂದು ಮೆಟ್ಟಿಲು ಇಳಿಯುವಾಗ ಖುಷಿಯೇ ಆಗಿತ್ತು. ಟ್ರೇ ಸರಿಸಿದ್ದಕ್ಕಿಂತ ಆ ಖುಷಿಗೆ ನನಗೆ ಈಗ ಹೆಚ್ಚು ನಾಚಿಕೆಯಾಗುತ್ತದೆ.

ಸುದ್ದಿ ಮಧ್ಯಾಹ್ನದೊಳಗೆ ಎಲ್ಲರಿಗೂ ಮುಟ್ಟಿತು. ಮರುದಿನ ಅವನು ಒಂದರ ಬದಲು ಎರಡು ಡಬ್ಬಿ ತಂದ. "ಇದು ನಿಮಗಂತ, ನಮ್ಮ ಮನಿಯಾಕಿ ಕೊಟ್ಟಾಳ," ಎಂದ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಒಂಬತ್ತು ದಿನ ತಂದ, ಒಂಬತ್ತು ದಿನ ತಿಂದೆ. ಎಣ್ಣೆಗಾಯಿ ಬಹಳ ರುಚಿಯಾಗಿತ್ತು ಎನ್ನುವುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಆದರೆ ಅವನ ಕೆಲಸ ಕೆಡುತ್ತ ಬಂತು. ಒಂದು ಬೋಲ್ಟು ಕೊಡಬೇಕಾದರೆ ಎಡದಿಂದ ಎಣಿಸುವನು, ಬಲದಿಂದ ಎಣಿಸುವನು, ತೆಗೆದದ್ದನ್ನು ಹಾಕಿ ಮತ್ತೆ ತೆಗೆಯುವನು. ಬಾಗಿಲಲ್ಲಿ ಸಾಲು ಬೆಳೆಯುತ್ತಿತ್ತು. "ಏನ್ ಮಾಸ್ತರ, ಸಂಜೀತನಕ ಎಣಸ್ತೀರೇನು?" ಎಂದು ಫಿಟ್ಟರ್ ರೇಗಿಸಿದರೆ ಮೊದಲಿನಂತೆ ತಿರುಗಿ ಜವಾಬು ಕೊಡುತ್ತಿರಲಿಲ್ಲ. ಮ್ಯಾನೇಜರ್ ಕೊಟ್ಟ ತಿಂಗಳು ಹೀಗೇ ಮುಗಿದರೆ ಅವನನ್ನು ಮನೆಗೆ ಕಳಿಸಲು ಯಾರೂ ಯಾವ ಟ್ರೇಯನ್ನೂ ಸರಿಸಬೇಕಾಗಿರಲಿಲ್ಲ.

ಹತ್ತನೆಯ ದಿನ ಊಟಕ್ಕೆ ಕೂತಾಗ ಅವನು ನನ್ನ ಡಬ್ಬಿ ಮುಂದೆ ಸರಿಸಿದ. ನಾನು ಮುಟ್ಟಲಿಲ್ಲ.

"ತಮ್ಮಾ, ನಾ ಸಾಹೇಬರಿಗೆ ಹೇಳಿದ್ದು ಸುಳ್ಳಲ್ಲ. ಟ್ರೇ ನಾನs ಸರಿಸಿದ್ದೆ. ನೀ ಹೊರಗ ಹೋದಾಗ ತಿರುಗಿ ಇಟ್ಟೆ."

ಅವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಯಾಕ?"

"ನಾ ಎರಡು ದಿನ ಮದುವಿಗೆ ಹೋಗಿದ್ದೆ. ಯಾರೂ ನನ್ನ ಕೇಳಾಕ ಬರ್ಲಿಲ್ಲ."

"ಅಷ್ಟಕ್ಕ?"

"ಅಷ್ಟಕ್ಕs."

ಅವನು ತಡವಿ ನನ್ನ ಮುಂದಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ಮುಚ್ಚಳ ಹಾಕಿದ. ಆಮೇಲೆ ಕೇಳಿದ:

"ಹಂಗಾದ್ರ ನನ್ನ ಕೈ ತಪ್ಪಿಲ್ಲ?"

"ಇಲ್ಲ."

"ಇನ್ನೊಮ್ಮೆ ಹೇಳ್ರಿ."

"ನಿನ್ನ ಕೈ ತಪ್ಪಿಲ್ಲ."

"ನನಗೊಬ್ಬಗ ಹೇಳಿದ್ರ ಸಾಲಂಗಿಲ್ಲ. ಚಾ ಟೈಮಿಗೆ ಎಲ್ಲಾರ ಮುಂದ ಹೇಳ್ರಿ. ಸಾಹೇಬ್ರನ್ನೂ ಕರೀರಿ."

ಕರೆದೆ. ಚಹದ ಲೋಟ ಹಿಡಿದು ನಿಂತ ಮೂವತ್ತು ಮಂದಿಯ ಮುಂದೆ ಹೇಳಿದೆ. ಹಿರಿಯ ಫಿಟ್ಟರ್, "ಕಾಕಾ, ನಾಟಕ ಛಲೋ ಮಾಡ್ತೀರಿ" ಎಂದ. ಇನ್ನೊಬ್ಬ ಲೇತ್ ಕೆಲಸದವನು, "ಖರೇ ಇದ್ರೂ ಇರಬಹುದು ಬಿಡ್ರೋ. ಒಂದು ಸ್ಕ್ರೂ ಕೇಳಿದ್ರ ನನ್ನ ಅರ್ಧಾ ತಾಸು ಬಾಗಲದಾಗ ನಿಂದ್ರಿಸ್ತಿದ್ರು" ಎಂದ. ಎಲ್ಲರೂ ನಕ್ಕರು. ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು, ನಗಲಿಲ್ಲ.

ನನ್ನ ಸಹಾಯಕ ಕೈ ಎತ್ತಿ ಗದ್ದಲ ನಿಲ್ಲಿಸಿದ.

"ಸಾಹೇಬ್ರ, ನಂಬೋದು ಬಿಡೋದು ನಿಮಗ ಬಿಟ್ಟದ್ದು. ನಾಳಿ ಇನ್ನೊಮ್ಮೆ ಬಂದು ನೋಡ್ರಿ. ಕಾಕಾ ಹೊರಗ ಕೂಡ್ಲಿ. ಈಗ ನನಗೊಂದು ಅರ ಕೊಡಸ್ರಿ, ಟ್ರೇದ ಅಂಚಿಗೆ ಗುರ್ತು ಹಾಕಬೇಕು. ಜಾಗಾ ಗುರ್ತು ಹಿಡಿದ್ರ ಸಾಲಂಗಿಲ್ಲ ಅನ್ನೋದು ಕಲ್ತಂಗಾತು."

ಕಬ್ಬಿಣ ಉಜ್ಜುವ ಅರ ಬಂತು. ಅದನ್ನು ಅವನು ನನ್ನ ಕೈಗೇ ಕೊಟ್ಟ. ಕಪ್ಪು ರಿಂಗಿನ ಟ್ರೇಗೆ ಒಂದು ಕಚ್ಚು, ಕಂದಿಗೆ ಎರಡು. ಹೀಗೆ ಮುಟ್ಟಿದರೆ ಒಂದೇ ಎನ್ನಿಸುವ ಸಾಮಾನಿನ ಟ್ರೇಗಳಿಗೆಲ್ಲ ಸಂಜೆಯ ಸೀಟಿಯವರೆಗೆ ಉಜ್ಜಿದೆ. ಅವನು ಹೆಬ್ಬೆರಳು ಆಡಿಸಿ ನೋಡಿ, "ಇದು ಆಳ ಸಾಲದು, ಇನ್ನೊಮ್ಮೆ" ಎಂದು ವಾಪಸು ಕೊಡುತ್ತಿದ್ದ. ಕೆಲವು ಸಾಕಷ್ಟು ಆಳವಾಗಿಯೇ ಇದ್ದವು. ಅವನ್ನೂ ವಾಪಸು ಕೊಟ್ಟ. ನಾನು ಅವನ್ನೂ ಉಜ್ಜಿದೆ.

ಮರುದಿನ ಮ್ಯಾನೇಜರ್ ಒಳಗೆ ಹೋದರು, ನಾನು ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತೆ. ಫಿಟ್ಟರುಗಳು ಒಬ್ಬೊಬ್ಬರಾಗಿ ಹೋದರು, ಸಾಮಾನು ಹಿಡಿದು ಬಂದರು. ಯಾರೂ ತಿರುಗಿ ಒಳಗೆ ಹೋಗಲಿಲ್ಲ. ಅರ್ಧ ತಾಸು ಎಂದವರು ಒಂದು ತಾಸಿನ ಮೇಲೆ ಹೊರಗೆ ಬಂದರು.

"ಒಂದು ವಾಷರ್ ಹೆಚ್ಚಿಗಿ ಕೊಟ್ಟಾನ," ಎಂದರು. "ಅದನ್ನ ಕಣ್ಣಿದ್ದ ನೀವೂ ಕೊಡ್ತೀರಿ. ಎರಡು ಟ್ರೇ ನಾನs ಸರಿಸಿ ನೋಡಿದೆ. ಹೆಬ್ಬೆಟ್ಟಿನ್ಯಾಗ ಹಿಡಿದ. ಈಗ ಹೋಗಿ ಕಾಯಂ ಆರ್ಡರ್ ಟೈಪ್ ಮಾಡಸ್ತೇನಿ." ಎರಡು ಹೆಜ್ಜೆ ಹೋಗಿ ನಿಂತು, "ನೀವು ಅವತ್ತು ಹೇಳಿದ್ದು ಖರೇನs ಏನ್ರಿ?" ಎಂದು ಕೇಳಿದರು.

"ಖರೇ."

ಅವರು ಆಫೀಸಿನ ಕಡೆ ನಡೆದರು.

ನಾನು ಒಳಗೆ ಹೋದೆ. ಏನಾದರೂ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಅವನು ರ್‍ಯಾಕಿನ ಮುಂದೆ ಬೆನ್ನು ಮಾಡಿ ನಿಂತಿದ್ದ. ಬಾಗಿಲಲ್ಲಿ ನಾಲ್ಕು ಮಂದಿ ಕಾಯುತ್ತಿದ್ದರು.

"ಆಮ್ಯಾಲೆ ಮಾತಾಡೋಣಂತ," ಎಂದ. "ಮೊದಲ ಆ ಚೀಟಿ ಓದ್ರಿ."

ನಾನು ಮುಂದೆ ನಿಂತವನ ಕೈಯಿಂದ ಚೀಟಿ ತೆಗೆದುಕೊಂಡು ಗಟ್ಟಿಯಾಗಿ ಓದಿದೆ.