ಗುಂಡಿಗೆ ಬಿದ್ದ ಆನೆಮರಿ

ಒಬ್ಬನೇ ಇರುವವನಿಗೆ ಮಾತಿನ ಚಪಲ ಜಾಸ್ತಿ. ನಾನು ಮಕ್ಕಳಿಗೆ ಕಥೆ ಹೇಳತೊಡಗಿದ್ದು ವಿದ್ಯಾದಾನಕ್ಕಲ್ಲ, ಸಂಜೆ ಕಳೆಯುವುದಕ್ಕೆ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಮಗ್ಗದ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವನು ನಾನು. ಮೇಷ್ಟ್ರಾಗಿ ಲೊಕ್ಕನಹಳ್ಳಿಗೆ ಬಂದಾಗ, ದನಗಳು ಕೊಟ್ಟಿಗೆ ಸೇರಿದ ಮೇಲೆ ಊರಿಗೆ ಕವಿಯುತ್ತಿದ್ದ ಮೌನಕ್ಕೆ ನಿಜವಾಗಿಯೂ ಹೆದರಿದೆ. ಶಾಲೆಯ ಪಕ್ಕದ ನನ್ನ ಕೋಣೆಯ ಮುಂದೆ ಮಕ್ಕಳು ಬಂದು ಕೂತರೆ ಹೋದ ಜೀವ ಬಂದಂತಾಗುತ್ತಿತ್ತು.

ಆದರೆ ಶಾಲೆಯ ಬೀರುವಿನಲ್ಲಿದ್ದ ಕಥೆಪುಸ್ತಕಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಕ್ಷರ ಕಲಿತಿದ್ದ ಪುಟ್ಟಮಾದಿ ಕೂಡ, "ನೀವೇ ಯೋಳಿ ಸಾ, ನೀವ್ ಯೋಳುದ್ರೆ ಚಂದ" ಎನ್ನುತ್ತಿದ್ದಳು. ನಾನೂ ಉಬ್ಬಿಹೋಗಿ ಹೇಳುತ್ತಿದ್ದೆ. ಒಂದು ದಿನ ಅವಳ ಅಜ್ಜಿ ಸಣ್ಣಮ್ಮ ಬಂದು, "ಪುಸ್ತಕ ಓದಾಕೆ ಬರ್ದಿದ್ಮೇಲೆ ಇಸ್ಕೂಲ್ ಯಾಕೆ ಸಾ? ಸುಗ್ಗಿ ಕಳುದ್ಮೇಲೆ ದನ ಕಾಯಾಕೆ ಕಳಿಸ್ತೀನಿ" ಎಂದಾಗ ನನ್ನ ಅಮಲು ಇಳಿಯಿತು.

ಆಗ ನಾಟಕದ ಯೋಚನೆ ಬಂತು. ಗುಂಡಿಗೆ ಬಿದ್ದ ಆನೆಮರಿಯನ್ನು ಹುಡುಗಿಯೊಬ್ಬಳು ಕಾಣುವ ಕಥೆ ಒಂದು ಪುಸ್ತಕದಲ್ಲಿತ್ತು. ಪುಟ್ಟಮಾದಿ ಹುಡುಗಿಯಾದಳು. ಆನೆಯಾಗಲು ಮಾತ್ರ ಯಾವ ಮಗುವೂ ಒಪ್ಪಲಿಲ್ಲ. ಕಾಡಂಚಿನಲ್ಲಿ ಹೊಲ ಇರುವವರಿಗೆ ಆನೆಯೆಂದರೆ ಹಗೆ. ಕೊನೆಗೆ ಕಡ್ಡಿಯಂಥ ನಾನೇ ಕರಿಕಂಬಳಿ ಹೊದ್ದು, ಪಂಚೆ ಸುತ್ತಿ ಸೊಂಡಿಲು ಮಾಡಿಕೊಂಡು ಶಾಲೆಯ ಗೊಬ್ಬರದ ಗುಂಡಿಗೆ ಇಳಿದೆ. ಹುಡುಗಿ ಗುಂಡಿಯ ಅಂಚಿನಲ್ಲಿ ದಿಕ್ಕುತೋಚದೆ ನಿಂತಿದ್ದಾಗ ನಾಟಕ ನಿಲ್ಲಿಸಿ, "ಮುಂದಿನದು ಪುಸ್ತಕದಲ್ಲಿದೆ" ಎಂದು ಒಳಗಿಂದಲೇ ಸಾರಿದೆ.

ನೋಡಲು ಬಂದಿದ್ದ ಊರಿನವರು ರೇಗಿದರು. "ಅಲ್ಲೇ ಬಿದ್ದಿರ್ಲಿ ಬುಡಿ ಸಾ, ನಮ್ ರಾಗಿನಾದ್ರೂ ಉಳೀತದೆ" ಎಂದನೊಬ್ಬ ರೈತ. "ಮೂಗ್ ಜೀವ ಕಣ್ಲಾ ಅದು!" ಎಂದು ಅವನನ್ನು ಗದರಿದ ಸಣ್ಣಮ್ಮ, ನನ್ನ ಕಡೆ ತಿರುಗಿ, "ಮೇಲಕ್ ಬಂತಾ ಇಲ್ವಾ, ಯೋಳಿ ಸಾ" ಎಂದಳು. ನಾನು ಬಾಯಿ ಬಿಡಲಿಲ್ಲ. ನನ್ನ ಮಟ್ಟಿಗೆ ಅದು ತಪಸ್ಸೇ.

ಪುಟ್ಟಮಾದಿ ಪುಸ್ತಕ ಒಯ್ದಳು. ಮರುದಿನ ಓಡುತ್ತ ಬಂದು, "ಊರೋರೆಲ್ಲ ಮಣ್ಣು ತುಂಬ್ತಾ ತುಂಬ್ತಾ ಮರಿ ಮೇಲಕ್ ಬಂತು ಸಾ! ಓದಿದ್ ಕೇಳಿ ನಮ್ಮಜ್ಜಿ ಅತ್ಬುಡ್ತು" ಎಂದಳು. ಆಮೇಲೆ ಸಣ್ಣಮ್ಮ ದನದ ಮಾತೆತ್ತಲಿಲ್ಲ. ಅಂಥ ಇನ್ನಷ್ಟು ಅರ್ಧ ನಾಟಕಗಳಾದವು, ಬೀರು ಬರಿದಾಯಿತು.

ನಮ್ಮ ಹಿರಿಯರು ಕಾವ್ಯವನ್ನು ನೋಡುವುದು, ಕೇಳುವುದು ಎಂದು ಎರಡಾಗಿ ವಿಂಗಡಿಸಿದರು. ಒಬ್ಬರೇ ಮೂಲೆಯಲ್ಲಿ ಕೂತು ಓದುವ ಮೂರನೆಯದನ್ನು ಅವರೇಕೆ ಬಿಟ್ಟರೆಂದು ನನಗೆ ಆಗ ಅರ್ಥವಾಯಿತು: ಅದರಲ್ಲಿ ಕಥೆ ಹೇಳುವವನಿಗೆ ಕೆಲಸವೇ ಇಲ್ಲ. ಮಕ್ಕಳು ಪುಸ್ತಕ ಹಿಡಿದು ಮನೆ ಸೇರಿದರು. ನನ್ನ ಕೋಣೆಯ ಮುಂದೆ ಸಂಜೆ ಖಾಲಿಯಾಯಿತು. ನಾನು ಗೆದ್ದಿದ್ದೆ, ಹೇಳಿಕೊಳ್ಳೋಣವೆಂದರೆ ಯಾರೂ ಇರಲಿಲ್ಲ.

ಒಂದು ಸಂಜೆ ತಡೆಯಲಾರದೆ ಪುಟ್ಟಮಾದಿಯ ಮನೆಯತ್ತ ನಡೆದೆ. ಅವಳು ಜಗಲಿಯಲ್ಲಿ ಬೇರೊಂದು ಕಥೆಯನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಳು. ಬಂದೆನೆಂದು ತಿಳಿಸಲು ಕೆಮ್ಮಿದೆ.

"ಸುಮ್ಕೆ ಕೂತ್ಕಳಿ ಸಾ, ಮಗ ಓದ್ತಾವ್ಳೆ" ಎಂದು ಸಣ್ಣಮ್ಮ ಚಾಪೆ ಸರಿಸಿದಳು.

ಕೂತೆ. ನನಗೆ ಬಾಯಿಪಾಠವಾಗಿದ್ದ ಕಥೆ. ನಡುವೆ ಅವಳು ಒಂದು ಸಾಲು ಹಾರಿಸಿದಳು, ನಾನು ತಿದ್ದಲಿಲ್ಲ. ಪುಟದ ಕೊನೆಗೆ ಬಂದು ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ, "ಆಮೇಲೆ?" ಎಂದು ಯಾರೋ ಕೇಳಿದರು. ಆ ಧ್ವನಿ ನನ್ನದೇ ಎಂದು ಗೊತ್ತಾಗುವಷ್ಟರಲ್ಲಿ ಪುಟ್ಟಮಾದಿ ಪುಟ ತಿರುಗಿಸಿಯಾಗಿತ್ತು.