ಕಾರ್ಬೈಡ್ ಸೈಕಲ್ಲು

ಹೋದ ಭಾನುವಾರ ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಮಾವಿನಹಣ್ಣಿನ ಅಂಗಡಿಯವನು ನನ್ನೆದುರೇ ಕ್ರೇಟಿನ ಮೇಲಿದ್ದ ಪೇಪರು ಸರಿಸಿದ. ಕೆಟ್ಟ ಬೆಳ್ಳುಳ್ಳಿಯಂಥ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹಣ್ಣುಗಳೆಲ್ಲ ಒಂದೇ ಸಮನೆ ಹಳದಿ. “ಕಾರ್ಬೈಡ್ ಹಾಕಿದ್ದೀಯಲ್ಲಪ್ಪ, ಮಕ್ಕಳು ತಿನ್ನೋದಲ್ವಾ?” ಎಂದೆ. “ಇಲ್ಲ ಮೇಡಂ, ಮರದಾಗೇ ಅಣ್ಣಾಗಿದ್ದು” ಎಂದ, ನನ್ನ ಮುಖ ನೋಡದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಅಂಗಡಿ ಮುಂದೆಯೂ ಪಾಠ ಮಾಡುವ ಚಟ ಇದೆ. ಬೇರೆ ದಿನವಾಗಿದ್ದರೆ ಅವನನ್ನು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಅವತ್ತು ಬಿಟ್ಟೆ. ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಂತೆ. ಆ ವಾಸನೆಯ ಜೊತೆ ನಮ್ಮ ಎದುರುಮನೆ ಮಾವ ನೆನಪಾಗಿದ್ದರು...

ಮಾವ ಅಂದರೆ ಸಂಬಂಧವೇನಿಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ನಾನು ಬಾಡಿಗೆಗೆ ಹಿಡಿದ ಮನೆಯ ಎದುರಿಗೆ ಅವರ ಮನೆ. ವಯಸ್ಸಿನಲ್ಲಿ ಹಿರಿಯರು, ಅದಕ್ಕೆ ಮಾವ. ಅವರ ಹೆಂಡತಿ ಅತ್ತೆ. ಕ್ಯಾಸಂಬಳ್ಳಿ ಕಡೆಯ ಬೇಸಾಯದ ಮನೆತನ. ಮೀಸೆ ಚಿಗುರುವ ವಯಸ್ಸಿನಲ್ಲೇ ಮಾವ ಚಿನ್ನದ ಗಣಿಗೆ ಸೇರಿ, ಅದು ಮುಚ್ಚುವವರೆಗೂ ನೆಲದಡಿ ಕೆಲಸ ಮಾಡಿದರು. ಶಿಫ್ಟಿಗೆ ಸೈಕಲ್ಲಿನಲ್ಲೇ ಹೋದರು, ಸೈಕಲ್ಲಿನಲ್ಲೇ ಬಂದರು. ಆ ಕರಿ ಸೈಕಲ್ಲು ಅವರ ಜಗಲಿಯ ಗೋಡೆಗೆ ಒರಗಿ ಮನೆಯ ಇನ್ನೊಬ್ಬ ಯಜಮಾನನಂತೆ ನಿಂತಿರುತ್ತಿತ್ತು. ಕಲ್ಲಿನ ಧೂಳು ಕುಡಿದ ಎದೆ ಅವರದು; ನಾಲ್ಕು ಮಾತಾಡಿದರೆ ಐದನೆಯದಕ್ಕೆ ಕೆಮ್ಮು.

ನನ್ನ ಸೈಕಲ್ಲು ಬಂದ ದಿನ ಬೀದಿಗೆ ಬೀದಿಯೇ ನೋಡಲು ಬಂತು. ಬೆಂಗಳೂರಿನಲ್ಲಿ ಯಾರೋ ಮಾರುತ್ತಿದ್ದಾರೆಂದು ತಿಳಿದು ಸೆಕೆಂಡ್ ಹ್ಯಾಂಡ್ ತಂದಿದ್ದೆ. ಆಲ್ ರೋಡ್ ಎನ್ನುತ್ತಾರೆ. ಡಾಂಬರಿಗೂ ಸೈ, ಜಲ್ಲಿಗೂ ಸೈ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಬಾಗಿದೆ, ಮೈಯೆಲ್ಲ ಕಾರ್ಬನ್ನು. ಆದರೆ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಬೆಲ್ಲೂ ಇಲ್ಲ. ಅತ್ತೆ ಅದನ್ನು ಒಂದು ಸುತ್ತು ಬಂದು, “ಅರ್ದಂಬರ್ದ ಮಾಡಿರೋದನ್ನ ತಂದವ್ಳಲ್ಲ” ಎಂದು ನನ್ನ ಬಗ್ಗೆ ಮರುಕಪಟ್ಟರು. ಮಾವ ಮಾತ್ರ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ಬೆರಗಾದರು.

“ಯಾವ ಕಬ್ಬಿಣ ಟೀಚರಮ್ಮ ಇದು?”

“ಕಬ್ಬಿಣ ಅಲ್ಲ ಮಾವ, ಕಾರ್ಬನ್.”

ಮಾವನ ಮುಖ ಬದಲಾಯಿತು. “ಕಾರ್ಬೈಡಾ?” ಎಂದವರೇ ಸೈಕಲ್ಲನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿದರು.

ತಪ್ಪು ಅವರದಲ್ಲ. ಅವರ ಹರೆಯದಲ್ಲಿ ನೆಲದಡಿ ಬೆಳಕು ಅಂದರೆ ಕಾರ್ಬೈಡ್ ದೀಪ. ಕಲ್ಲಿನ ಚೂರಿನಂಥ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಗ್ಯಾಸ್ ಏಳುತ್ತದೆ, ಅದು ಹತ್ತಿಕೊಂಡು ಉರಿಯುತ್ತದೆ. ಒಮ್ಮೆ ಮಾವ ಒಂದಷ್ಟು ಚೂರುಗಳನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ನೀರಿನಲ್ಲಿ ನೆನೆದು, ಅದೇ ಹೊತ್ತಿಗೆ ಬೀಡಿ ಹಚ್ಚಿ, ತೊಡೆ ಸುಟ್ಟುಕೊಂಡಿದ್ದರು. ಅಂಥ ಸಾಮಾನಿನಿಂದ ಸೈಕಲ್ ಮಾಡಿದ್ದಾರೆ, ಅದನ್ನು ಈ ಹೆಣ್ಣುಮಗಳು ಮಳೆಯಲ್ಲಿ ತುಳಿಯುತ್ತಾಳೆ ಎನ್ನುವುದು ಅವರಿಗೆ ಅರಗಲಿಲ್ಲ. ನಾನು ಬಿಡುತ್ತೇನೆಯೇ? ಚಾಕ್‌ಪೀಸ್ ತಂದು ಅವರ ಜಗಲಿಯ ಮೇಲೆಯೇ ಬರೆದು, ಇದು ಬೇರೆ, ಅದು ಬೇರೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ ಮೇಲೆ ಮಾವ ಹೇಳಿದರು: “ನೀವು ಪುಸ್ತಕದಾಗೆ ಓದಿದೀರಿ. ನಾನು ತೊಡೆಮ್ಯಾಗೆ ಓದಿದೀನಿ.”

ಅಲ್ಲಿಂದ ಮೋಡ ಕಟ್ಟಿದರೆ ಸಾಕು, “ಟೀಚರಮ್ಮಾ, ಗಾಡಿ ಒಳಗಿಕ್ರೀ” ಎಂಬ ಕೂಗು. ನಾನು ಮನೆಯಲ್ಲಿಲ್ಲದಿದ್ದರೆ ತಾವೇ ಬಂದು ಅದನ್ನು ತಮ್ಮ ಜಗಲಿಗೆ ಎತ್ತಿಕೊಂಡು ಹೋಗುತ್ತಿದ್ದರು. ನಾನು ಬಕೆಟ್ ಹಿಡಿದು ಸೈಕಲ್ ತೊಳೆಯಲು ಕೂತರೆ ಮಾವ ಮನೆಯೊಳಗೆ. ಉಳಿದ ರಿಪೇರಿಗೆಲ್ಲ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಜಾಲಿಮುಳ್ಳು ಚುಚ್ಚಿದರೆ ಟೈರಿನೊಳಗಿಂದ ಹಾಲಿನಂಥ ದ್ರವ ಉಕ್ಕಿ, ತಾನೇ ಗಟ್ಟಿಯಾಗಿ ತೂತು ಮುಚ್ಚಿಕೊಳ್ಳುವುದು ಅವರಿಗೆ ಪವಾಡದಂತೆ ಕಾಣುತ್ತಿತ್ತು. ಪೆಡಲಿನ ಬುಡದಲ್ಲಿ ಕಿರ್ ಕಿರ್ ಸದ್ದು ಶುರುವಾಗಿ, ನಾನು ವಾರಗಟ್ಟಲೆ ಅದರ ಮೂಲ ಹುಡುಕುತ್ತ ಎಲ್ಲರ ಮೇಲೂ ರೇಗಾಡುತ್ತಿದ್ದಾಗ, “ಅಗುರ ಇರೋರ್ಗೆ ಬಾಯಿ ಜಾಸ್ತಿ” ಎಂದು ನಕ್ಕಿದ್ದರು. ಸೈಕಲ್ಲಿಗೆ ಹೇಳಿದರೋ ನನಗೆ ಹೇಳಿದರೋ...

ಆಮೇಲೊಂದು ವರ್ಷ ಅವರ ಉಸಿರು ಕೈಕೊಟ್ಟಿತು. ಡಾಕ್ಟರು ಇನ್ನು ಸೈಕಲ್ ಬೇಡವೆಂದರು. ಅತ್ತೆ ಅವತ್ತೇ ಆ ಕರಿ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟುಬಿಟ್ಟರು. ಕೆಲವು ದಿನಗಳಾದ ಮೇಲೆ ನಾನು ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಮಾವ ಬಂದು ಪಕ್ಕದಲ್ಲಿ ಕೂತರು.

“ನಮ್ ಜೊತೆಗಾರರೆಲ್ಲ ಇಂಗೇ ಓಗಿದ್ದು ಟೀಚರಮ್ಮ. ಮೊದ್ಲು ಸೈಕಲ್ ಕಿತ್ಕೊಂತಾರೆ. ಆಮೇಲೆ ಮೂಲೆ ಅಂಗ್ಡಿಗೆ ಓಗ್ಬೇಡ ಅಂತಾರೆ. ಆಮೇಲೆ ಬಾಗ್ಲು ದಾಟ್ಬೇಡ ಅಂತಾರೆ. ಆಮೇಲೆ ಮಂಚ. ಸಾಯಾಕೆ ಬಯ ಇಲ್ಲ ನಂಗೆ. ಇಂಗೆ ಒಂದೊಂದೇ ಕಿತ್ಕೊಳ್ಳೋದ ನೋಡಾಕಾಗಲ್ಲ.” ಸ್ವಲ್ಪ ಸುಧಾರಿಸಿಕೊಂಡು, “ಒಂದೇ ಒಂದ್ ದಪ ಬಂಗಾರಪೇಟೆಗೆ ಓಗ್ಬೇಕು, ತುಳ್ಕೊಂಡು. ನಿಮ್ದು ಅಗುರ ಐತಲ್ಲ” ಎಂದರು.

ಹರೆಯದಲ್ಲಿ ರಜೆಯ ದಿನ ಬಂಗಾರಪೇಟೆಗೆ ಸೈಕಲ್ ತುಳಿದು, ಸ್ಟೇಷನ್ನಿನಲ್ಲಿ ಟೀ ಕುಡಿದು, ದೂರದೂರಿನ ಗಾಡಿಗಳನ್ನು ನೋಡಿ ಬರುವುದೇ ಅವರ ಮೋಜಾಗಿತ್ತು. ನಾನು ಆಗದೆಂದೆ. ದಾರಿಯಲ್ಲಿ ಉಸಿರು ಕಟ್ಟಿದರೆ ಅತ್ತೆಗೆ ಯಾವ ಮುಖ ತೋರಿಸಲಿ? ಅವರು ಕೇಳುತ್ತಲೇ ಇದ್ದರು, ನಾನು ಏನೋ ಒಂದು ನೆಪ ಹೇಳಿ ಜಾರಿಕೊಳ್ಳುತ್ತಲೇ ಇದ್ದೆ. ಕೊನೆಗೊಂದು ದಿನ ಅವರು ಕೇಳುವುದನ್ನೇ ನಿಲ್ಲಿಸಿಬಿಟ್ಟರು. ಮೋಡ ಕಟ್ಟಿದರೂ ಕೂಗಲಿಲ್ಲ. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ರಸ್ತೆ ದಾಟಿ ಹೋಗಿ, “ಭಾನುವಾರ ಹೋಗೋಣ ಮಾವ” ಎಂದೆ.

ಆ ಭಾನುವಾರ ಅತ್ತೆ ಕ್ಯಾಸಂಬಳ್ಳಿಗೆ, ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಬೆಳಗಿನ ಬಸ್ಸಿಗೆ ಹೋದರು. ಮಾವ ಲುಂಗಿ ಬಿಟ್ಟು, ಮದುವೆ ಮುಂಜಿಗೆ ಹಾಕುವ ಪ್ಯಾಂಟು ಹಾಕಿಕೊಂಡು ಹೊರಗೆ ಬಂದವರೇ ಮೊದಲು ಆಕಾಶ ನೋಡಿದರು. ಎಲ್ಲೂ ಮೋಡವಿರಲಿಲ್ಲ. ನನ್ನ ಸೈಕಲ್ಲಿನ ಸೀಟು ಇಳಿಸಿ, ಬ್ರೇಕು ತೋರಿಸಿ, ಗೇರನ್ನು ಅತಿ ಹಗುರದ್ದಕ್ಕೆ ಹಾಕಿಕೊಟ್ಟೆ. ಅವರ ಕರಿ ಸೈಕಲ್ಲಿಗೆ ಗಾಳಿ ತುಂಬಿ ನಾನು ಹತ್ತಿದೆ. ಅದರ ಭಾರಕ್ಕೆ ಬೀದಿ ಕೊನೆ ಮುಟ್ಟುವಷ್ಟರಲ್ಲೇ ನನಗೆ ಬೆವರು. “ಟೀಚರಮ್ಮ, ಕಾಲು ಓಡ್ತೈತೆ, ಸೈಕಲ್ ಓಡಲ್ಲ” ಎಂದು ಮಾವ ಕೂಗಿದರು. ಅವರಿಗೆ ಬೇಕಾದದ್ದೂ ಅದೇ ಆಗಿತ್ತು, ನಡಿಗೆಗಿಂತ ಚೂರು ಜೋರು, ಎದೆಗೆ ಭಾರವಿಲ್ಲ. ಅವರು ದುಡಿದ ಮೈಸೂರು ಮೈನ್ಸ್ ಗಣಿಯ ಕಡೆ ಮೊದಲು ಒಂದು ಸುತ್ತು ಹೋಗಿ ಬರೋಣವೇ ಎಂದು ಕೇಳಿದ್ದಕ್ಕೆ, “ಅಲ್ಲಿಗ್ ಓಗಿದ್ದು ಸಾಕು” ಎಂದು ಬಂಗಾರಪೇಟೆ ರಸ್ತೆಗೇ ತಿರುಗಿದರು.

ಮರ ಸಿಕ್ಕಲ್ಲೆಲ್ಲ ನಿಂತೆವು. ಮಾವ ಮರಕ್ಕೆ ಕೈ ಊರಿ ಉಸಿರು ಹಿಡಿಯುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಎರಡು ಸಲ ಆಟೋ ನಿಲ್ಲಿಸಲು ಕೈ ಎತ್ತಿದೆ. ಎರಡು ಸಲವೂ ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಅರ್ಧ ದಾರಿ ಕಳೆದಿರಬೇಕು... ಎಲ್ಲಿತ್ತೋ ಏನೋ, ಒಂದು ಮೋಡ ಬಂದು ತುಂತುರು ಹನಿಸಿತು.

ಮಾವ ಗಕ್ಕನೆ ಬ್ರೇಕ್ ಹಾಕಿ ಇಳಿದರು. ಸೈಕಲ್ಲನ್ನು ರಸ್ತೆ ಬದಿಯ ಹುಲ್ಲಿನ ಮೇಲೆ ಮಲಗಿಸಿ, “ದೂರ ಬನ್ನಿ ಟೀಚರಮ್ಮ!” ಎಂದು ನನ್ನ ತೋಳು ಹಿಡಿದೆಳೆದುಕೊಂಡು ಹೊಂಗೆ ಮರದಡಿ ಓಡಿದರು. ಅಲ್ಲಿ ನಿಂತು ಇಬ್ಬರೂ ಸೈಕಲ್ಲನ್ನೇ ನೋಡಿದೆವು. ಅದು ಪಾಪ, ನೆನೆಯುತ್ತ ಬಿದ್ದಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬಂದವನೊಬ್ಬ ನಿಲ್ಲಿಸಿ, “ಏನಾಯ್ತು ಯಜಮಾನ್ರೇ?” ಎಂದು ಕೇಳಿದ. “ಏನೂ ಆಗಿಲ್ಲ ಕಣಪ್ಪ. ಏನಾಯ್ತದೋ ನೋಡ್ತಾ ಇದ್ದೀವಿ” ಎಂದರು ಮಾವ. ಅವನು ನಮ್ಮಿಬ್ಬರನ್ನೂ ಒಂದು ಥರ ನೋಡಿ ಗಾಡಿ ಹೊರಡಿಸಿದ.

ಹನಿ ನಿಂತಿತು. ಮಾವ ಒಂದೊಂದೇ ಹೆಜ್ಜೆಯಿಟ್ಟು ಹೋಗಿ, ಬಗ್ಗಿ, ಸೈಕಲ್ಲಿನ ಮೈಗೆ ಮೂಗು ಹಚ್ಚಿ ಮೂಸಿದರು. “ವಾಸ್ನೇನೇ ಇಲ್ವಲ್ಲ!” ಎಂದರು. ಆಮೇಲೆ ಶುರುವಾಯಿತು ನೋಡಿ ಅವರ ನಗು. ಹುಲ್ಲಿನ ಮೇಲೆ ಕೂತು, ತೊಡೆ ತಟ್ಟಿಕೊಂಡು, ಕೆಮ್ಮು ಬಂದು, ಕೆಮ್ಮಿನ ನಡುವೆಯೂ ನಕ್ಕರು. “ಇಷ್ಟ್ ವರ್ಸ ಸುಮ್ಕೆ ಒತ್ಕೊಂಡ್ ತಿರುಗಿದ್ನಲ್ಲಮ್ಮ ಇದ್ನ!” ನಾನೂ ನಕ್ಕೆ. ಅಷ್ಟು ಸಂತೋಷ ನನಗೆ ಆ ಸೈಕಲ್ಲಿನಿಂದ ಮತ್ತೆ ಸಿಕ್ಕಿಲ್ಲ.

ಬಂಗಾರಪೇಟೆ ಸ್ಟೇಷನ್ ಮುಟ್ಟಿದಾಗ ಬಿಸಿಲೇರಿತ್ತು. ಮಾವನ ತುಟಿ ನೀಲಿಗಟ್ಟಿತ್ತು, ಕಣ್ಣು ಮಾತ್ರ ಮಿಂಚುತ್ತಿತ್ತು. ಬೆಂಚಿನ ಮೇಲೆ ಕೂತು ಟೀ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಒಂದು ಉದ್ದನೆಯ ಗಾಡಿ ಹಾದುಹೋಗುವುದನ್ನು ಕೊನೆಯ ಬೋಗಿಯವರೆಗೂ ನೋಡಿದರು.

“ಇವತ್ತಿಗ್ ಬಿಟ್ಟೆ” ಎಂದರು.

“ಏನನ್ನ ಮಾವ?”

“ಸೈಕಲ್ನ. ಯಾರೂ ಕಿತ್ಕೊಳ್ಲಿಲ್ಲ. ನಾನೇ ಬಿಟ್ಟೆ.”

ಮಾರಿಕುಪ್ಪಂ ರೈಲಿನಲ್ಲಿ ವಾಪಸು ಹೊರಟೆವು. ಕರಿ ಸೈಕಲ್ಲನ್ನು ಹತ್ತಿಸಲು ಇಬ್ಬರು ಕೈ ಹಾಕಬೇಕಾಯಿತು. ನನ್ನದನ್ನು ಮಾವ ತಾವೇ ಹೆಗಲಿಗೇರಿಸಿಕೊಂಡು, ನೋಡುವವರೆಲ್ಲ ನೋಡಲಿ ಎನ್ನುವ ಹಾಗೆ ಬೋಗಿ ಹತ್ತಿದರು.

ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು ಬೀದಿಗೆ ಬರುವಷ್ಟರಲ್ಲಿ ಅತ್ತೆ ಬೇಗನೆ ವಾಪಸಾಗಿ ಬಾಗಿಲಲ್ಲಿ ನಿಂತಿದ್ದರು. ಸಿಟ್ಟು ನೆತ್ತಿಗೇರಿದರೆ ಅವರಿಗೆ ಕನ್ನಡ ಸಾಲುತ್ತಿರಲಿಲ್ಲ. “ಏಮ್ಮಾ, ನೀಕು ಬುದ್ಧುಂದಾ?” ಬುದ್ಧಿ ಇದೆಯಾ ನಿನಗೆ ಎಂದು ತೆಲುಗಿನಲ್ಲಿ ಶುರು ಮಾಡಿ, ಬೀದಿಯೆಲ್ಲ ಕೇಳುವಂತೆ ನನ್ನ ಓದಿಗೂ ನೌಕರಿಗೂ ಮಂಗಳಾರತಿ ಎತ್ತಿದರು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಸಾರಿನ ಬಟ್ಟಲು ರಸ್ತೆ ದಾಟುವುದು ನಿಂತಿತು. ಅವರ ಗಂಡ, ಅವರ ಭಯ; ಅದನ್ನು ನಾನು ಹೇಗೆ ತಪ್ಪು ಎನ್ನಲಿ?

ಮಾವ ಕೆಲವು ತಿಂಗಳು ಚೆನ್ನಾಗಿಯೇ ಇದ್ದರು. ಮುಂದಿನ ಮಳೆಗಾಲಕ್ಕೆ ಮಂಚ ಹಿಡಿದರು. ನೋಡಲು ಬಂದವರಿಗೆಲ್ಲ ಅವರದು ಒಂದೇ ಮಾತು, ಬಂಗಾರಪೇಟೆಗೆ ಸೈಕಲ್ ತುಳ್ಕೊಂಡು ಓಗಿದ್ದೆ ಎಂದು. ನಾನೂ ಒಂದು ಸಂಜೆ ಹೋಗಿ ಬಾಗಿಲ ಹತ್ತಿರ ನಿಂತಿದ್ದೆ. ಕ್ಯಾಸಂಬಳ್ಳಿಯಿಂದ ಬಂದಿದ್ದ ನೆಂಟರೊಬ್ಬರು ಅದನ್ನು ಕೇಳಿ, “ಗ್ಯಾನ ತಪ್ಪೈತೆ ಪಾಪ, ಎದ್ದು ಕೂರಾಕಾಗಲ್ಲ...” ಎಂದು ಪಿಸುಗುಟ್ಟಿದರು. ಮಾವನಿಗೆ ಕೇಳಿಸಿತು. ಅವರು ಬಾಯಿ ತೆರೆದರು, ಕೆಮ್ಮು ಒತ್ತರಿಸಿ ಬಂತು. ನಾನು ಹೇಳಬೇಕೆನ್ನುವಷ್ಟರಲ್ಲಿ, ಮಾತ್ರೆ ಪುಡಿ ಮಾಡುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: “ಗ್ಯಾನ ಎಲ್ಲಾ ಸರ್ಯಾಗೈತೆ. ಓಗಿದ್ರು. ನಾನೇ ಕಣ್ಣಾರೆ ನೋಡಿದೀನಿ.”

ಅವತ್ತು ಅತ್ತೆ ಕ್ಯಾಸಂಬಳ್ಳಿಯಲ್ಲಿದ್ದರು. ಮಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಮಳೆಗಾಲ ಮುಗಿಯುವ ಮೊದಲೇ ಮಾವ ಹೋದರು. ವರ್ಷ ತುಂಬಿದ ಮೇಲೆ ಕುಪ್ಪಂನಲ್ಲಿರುವ ಮಗಳು ಬಂದು, ಅಮ್ಮ ನನ್ನ ಜೊತೆ ಇರಲಿ ಎಂದು ಕರೆದುಕೊಂಡು ಹೊರಟಳು. ಸಾಮಾನೆಲ್ಲ ಆಟೋಗೆ ಹಾಕುತ್ತಿದ್ದಾಗ ಅತ್ತೆ ರಸ್ತೆ ದಾಟಿ ನಮ್ಮ ಮನೆಗೆ ಬಂದರು. ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು.

“ಎಲ್ಲಾರ್ಗೂ ನೋಡಿದೀನಿ ಅಂತ ಏಳ್ಬುಟ್ಟಿದೀನಿ. ಏನ್ ನೋಡ್ದೆ ಅಂತ ನಂಗೊಂದ್ ದಪ ಏಳು.”

ಹೇಳಿದೆ. ಮದುವೆಯ ಪ್ಯಾಂಟಿನಿಂದ ಹಿಡಿದು ಒಂದೂ ಬಿಡದೆ ಹೇಳಿದೆ. ಆಟೋದವನು ಹಾರನ್ ಮಾಡುತ್ತಲೇ ಇದ್ದ. ಅತ್ತೆ ಕದಲಲಿಲ್ಲ.

“ನಕ್ರಾ?” ಎಂದು ಕೇಳಿದರು.

“ನಕ್ಕರು ಅತ್ತೆ. ಹುಲ್ಲಿನ ಮೇಲೆ ಕೂತುಕೊಂಡು ನಕ್ಕರು.”

“ಅಂಗಾದ್ರೆ ಸರಿ ಬುಡು” ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟರು.

ನನ್ನ ಸೈಕಲ್ಲು ಇನ್ನೂ ಗಟ್ಟಿಯಾಗಿದೆ. ಚೈನು, ಟೈರು, ಹ್ಯಾಂಡಲ್ಲಿಗೆ ಸುತ್ತುವ ಪಟ್ಟಿ, ಪೆಡಲು, ಒಂದಲ್ಲ ಒಂದು ಸಲ ಎಲ್ಲವನ್ನೂ ಬದಲಾಯಿಸಿದ್ದೇನೆ. ಮೈ ಮಾತ್ರ ಅದೇ. ಭಾನುವಾರಗಳಲ್ಲಿ ಈಗ ಒಬ್ಬಳೇ ಹೋಗುತ್ತೇನೆ. ಜೊತೆಯಿಲ್ಲದೆ ಆ ರಸ್ತೆ ಬೇಗ ಮುಗಿದುಹೋಗುತ್ತದೆ. ಅದು ನನಗೆ ಬೇಕಿಲ್ಲ.

ಹೋದ ಭಾನುವಾರ ಹಣ್ಣು ಕೊಳ್ಳದೆ ಮಾರ್ಕೆಟ್ಟಿನಿಂದ ಸೀದಾ ಸ್ಟೇಷನ್ನಿಗೆ ಹೋಗಿ, ಟೀ ತೆಗೆದುಕೊಂಡು ಕೂತು ಅತ್ತೆಗೆ ಫೋನು ಮಾಡಿದೆ. ಊಟ, ಮಂಡಿನೋವು, ಮೊಮ್ಮಕ್ಕಳ ಓದು ಎಲ್ಲ ವಿಚಾರಿಸಿ ಆಯಿತು. ಎಲ್ಲಿದ್ದೀಯ ಎಂದು ಕೇಳಿದರು. ಬಂಗಾರಪೇಟೆ ಸ್ಟೇಷನ್ನು ಎಂದೆ.

“ಅವತ್ತು ದಾರ್ಯಾಗೆ ಮಳೆ ಬಂತಲ್ಲ... ಅಲ್ಲಿಂದ ಏಳು” ಎಂದರು.

ಅಲ್ಲಿಂದ ಹೇಳಿದೆ. ಮಾವ ಸೈಕಲ್ ಹೆಗಲಿಗೇರಿಸಿಕೊಂಡು ರೈಲು ಹತ್ತುವವರೆಗೂ ಹೇಳಿದೆ. ಅದರ ಮುಂದಿನದನ್ನು ಅತ್ತೆ ಯಾವತ್ತೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅವರು ಮೂಗೆಳೆದುಕೊಂಡದ್ದು ಕೇಳಿಸಿತು. ನನ್ನ ಟೀ ಆರಿಹೋಗಿತ್ತು, ಅದನ್ನೇ ಕುಡಿದೆ.